ಬೆನ್ನಿಗೆ ಕಣ್ಣು ಬರುವ ಮುನ್ನ

ಲಾರಿಗಳ ಬೆನ್ನ ಮೇಲೆ ‘ಸೌಂಡ್ ಹಾರ್ನ್’ ಎಂದು ಬಣ್ಣದಲ್ಲಿ ಬರೆಸುವ ದೇಶ ನಮ್ಮದು. ಹಿಂದೆ ಬರುವವನು ತಾನು ಬಂದೆನೆಂದು ಕೂಗಿ ಹೇಳಬೇಕು, ಮುಂದಿರುವವನು ಕೇಳಿಸಿಕೊಂಡರೆ ಸಾಕು ಎಂಬುದು ನಮ್ಮ ರಸ್ತೆಗಳ ಹಳೆಯ ಒಪ್ಪಂದ. ಬೈಕ್ ಸವಾರರೂ ಅದನ್ನೇ ನೆಚ್ಚಿಕೊಂಡಿದ್ದಾರೆ. ಹೊಸ ಗಾಡಿ ಮನೆಗೆ ಬಂದ ವಾರದೊಳಗೆ ಕನ್ನಡಿ ಬಿಚ್ಚಿಡುವ ಹುಡುಗರು ಪ್ರತಿ ಬೀದಿಯಲ್ಲೂ ಇದ್ದಾರೆ. ಬಿಚ್ಚದವರಲ್ಲೂ ಎಷ್ಟೋ ಜನರ ಕನ್ನಡಿಯಲ್ಲಿ ಕಾಣುವುದು ಅವರದೇ ಮೊಣಕೈ.

ಇಂಥ ರಸ್ತೆಗೆ ಈಗ ಹಿಂದಿನ ವಾಹನವನ್ನು ಗುರುತಿಸಿ ಎಚ್ಚರಿಸುವ ರೇಡಾರ್ ಇಳಿಯುತ್ತಿದೆ. 2020ರ ಕೊನೆಯಲ್ಲಿ ಡುಕಾಟಿ ಕಂಪನಿಯ ಮಲ್ಟಿಸ್ಟ್ರಾಡಾ ವಿ4 ಬೈಕ್ ಹಿಂದೆ ಮುಂದೆ ಎರಡೂ ಕಡೆ ರೇಡಾರ್ ಹೊತ್ತು ಬಂದಾಗ ಅದು ನಮ್ಮ ಸವಾರರ ಕನಸಿಗೂ ದುಬಾರಿಯಾಗಿತ್ತು. ಐದೇ ವರ್ಷ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನದೇ ಆದ ಅಲ್ಟ್ರಾವಯೊಲೆಟ್ ಕಂಪನಿ ತನ್ನ ಎಕ್ಸ್-47 ಎಲೆಕ್ಟ್ರಿಕ್ ಬೈಕಿನಲ್ಲಿ ಹಿಂಬದಿ ರೇಡಾರ್ ತಂದಿತು. ಸೈಕಲ್ಲಿಗೆ ಸಿಕ್ಕಿಸುವ ಗಾರ್ಮಿನ್ ಕಂಪನಿಯ ರೇಡಾರ್ ದೀಪ ಸುಮಾರು 140 ಮೀಟರ್ ದೂರದ ವಾಹನವನ್ನೂ ಗುರುತಿಸುತ್ತದೆ. ಈ ಬೆಳವಣಿಗೆ ಸ್ವಾಗತಾರ್ಹ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಶೇ 44.5ರಷ್ಟು ಜನ ದ್ವಿಚಕ್ರ ವಾಹನದಲ್ಲಿದ್ದವರು. ಅಪಘಾತದ ಬಗೆಗಳಲ್ಲಿ ಮೊದಲ ಸ್ಥಾನ ಹಿಂದಿನಿಂದ ಗುದ್ದುವುದಕ್ಕೇ.

ನಮ್ಮ ಆತಂಕ ರೇಡಾರಿನದಲ್ಲ, ಅದರ ಹೆಸರು ಹೇಳಿಕೊಂಡು ಬರಲಿರುವ ಅಗ್ಗದ ಮಾಲಿನದು. ಕಾರಿನ ರಿವರ್ಸ್ ಸೆನ್ಸರನ್ನೇ ನಂಬರ್ ಪ್ಲೇಟಿನ ಪಕ್ಕ ಅಂಟಿಸಿ, ಹ್ಯಾಂಡಲಿಗೊಂದು ಬಜರ್ ಕಟ್ಟಿ, ‘ಹಿಂಬದಿ ವಾಹನ ಪತ್ತೆ’ ಎಂದು ಮಾರುವುದು ಕಷ್ಟವೇನಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಹೆದ್ದಾರಿಯ ಎಡ ಅಂಚಿನಲ್ಲಿ ಸ್ಕೂಟರ್ ಗಂಟೆಗೆ 45 ಕಿ.ಮೀ. ವೇಗದಲ್ಲಿದೆ, ಹಿಂದಿನ ಬಸ್ಸು 95ರಲ್ಲಿ. ಎರಡರ ನಡುವಿನ ಅಂತರ ಸೆಕೆಂಡಿಗೆ ಸುಮಾರು 14 ಮೀಟರಿನಂತೆ ಕರಗುತ್ತದೆ. 140 ಮೀಟರಿನಲ್ಲೇ ಸುಳಿವು ಸಿಕ್ಕರೆ ಸವಾರನ ಕೈಯಲ್ಲಿ ಹತ್ತು ಸೆಕೆಂಡ್ ಇರುತ್ತದೆ. ಕನ್ನಡಿ ನೋಡಿ, ಜಾಗ ಹುಡುಕಿ, ಅಂಚಿಗೆ ಸರಿಯಲು ಧಾರಾಳ. 70 ಮೀಟರಾದರೂ ಐದು ಸೆಕೆಂಡ್. ಆದರೆ ಶಬ್ದದಲೆಯ ರಿವರ್ಸ್ ಸೆನ್ಸರಿನ ಕೈಗೆಟಕುವುದು ಹೆಚ್ಚೆಂದರೆ ಐದಾರು ಮೀಟರ್. ಅದು ‘ಟೀ’ ಎನ್ನುವುದಕ್ಕೂ ಬಂಪರ್ ಬೆನ್ನಿಗೆ ತಾಗುವುದಕ್ಕೂ ಅರ್ಧ ಸೆಕೆಂಡೂ ಇಲ್ಲ. ಕೇಳಿ, ಅರ್ಥವಾಗಿ, ಹ್ಯಾಂಡಲ್ ತಿರುಗಿಸಲು ಮನುಷ್ಯನಿಗೆ ಒಂದು ಸೆಕೆಂಡಾದರೂ ಬೇಕು. ದುಡ್ಡು ಕೊಟ್ಟವನಿಗೆ ಸಿಕ್ಕಿದ್ದು ರಕ್ಷಣೆಯೆಂಬ ಭ್ರಮೆ ಮಾತ್ರ.

ಅಸಲಿ ರೇಡಾರಿಗೂ ನಮ್ಮ ಗಾಡಿಗಳ ಪರಿಚಯ ಇನ್ನೂ ಆಗಿಲ್ಲ. ಬೈಕ್ ರೇಡಾರಿನ 77 ಗಿಗಾಹರ್ಟ್ಸ್ ಅಲೆ ಪ್ಲಾಸ್ಟಿಕ್ಕನ್ನು ದಾಟುತ್ತದೆ, ಲೋಹವನ್ನು ದಾಟದು. ಬೆಳಗಿನ ಜಾವ ಡೇರಿಗೆ ಹೊರಟವನ ಬೈಕಿನ ಎರಡೂ ಪಕ್ಕ ಅಲ್ಯೂಮಿನಿಯಂ ಹಾಲಿನ ಕ್ಯಾನು, ಹಿಂದೆ ಹುಲ್ಲಿನ ಹೊರೆ. ಪೇಟೆಯಲ್ಲಾದರೆ ಗ್ಯಾಸ್ ಸಿಲಿಂಡರ್. ಮಳೆಗಾಲದಲ್ಲಿ ಹಿಂಭಾಗವೆಲ್ಲ ಕೆಸರು. ತಿರುವಿನಲ್ಲಿ ಬೈಕ್ ವಾಲುತ್ತದೆ, ಜತೆಗೆ ರೇಡಾರಿನ ನೋಟವೂ ವಾಲುತ್ತದೆ. ದುಬಾರಿ ಬೈಕುಗಳಲ್ಲಿ ಆ ವಾಲುವಿಕೆಯನ್ನು ಅಳೆದು ಸರಿದೂಗಿಸುವ ಸೆನ್ಸರ್ ಇರುತ್ತದೆ, ಅಂಟಿಸಿಕೊಳ್ಳುವ ಡಬ್ಬಿಯಲ್ಲಿ ಇದ್ದೀತೆಂದು ನಂಬುವುದು ಹೇಗೆ? ಯಾರ ಬೆನ್ನಿಗೆ ಕಣ್ಣು ತೀರಾ ಅಗತ್ಯವೋ, ಆ ಹಾಲಿನವನ ಬೆನ್ನಲ್ಲೇ ಅದು ಕುರುಡಾಗುವ ಸಂಭವ ಹೆಚ್ಚು.

ಇನ್ನು ಪೇಟೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರೂವರೆಗೆ ನಿಮ್ಮ ಹಿಂದೆ ವಾಹನವಿದೆ ಎಂದು ಯಂತ್ರ ಹೇಳಬೇಕೆ? ಎಡಕ್ಕೆ ಆಟೊ, ಬಲಕ್ಕೆ ಬಿಎಂಟಿಸಿ ಬಸ್ಸು, ಹಿಂದೆ ಇನ್ನೂ ಮೂವತ್ತು ಬೈಕು. ಎಲ್ಲಕ್ಕೂ ಕೂಗುವ ಅಲಾರಂ ಮೂರು ದಿನದಲ್ಲಿ ಕಿವಿಗೆ ಬೀಳದಂತಾಗುತ್ತದೆ. ಹತ್ತಿರವಿರುವ ವಾಹನವನ್ನೂ ವೇಗವಾಗಿ ಹತ್ತಿರವಾಗುತ್ತಿರುವ ವಾಹನವನ್ನೂ ಬೇರೆ ಬೇರೆ ಎಂದು ಅರಿಯಬಲ್ಲದ್ದು ಮಾತ್ರ ನಮಗೆ ಉಪಯೋಗ. ಎಚ್ಚರಿಕೆ ಕೊಡುವ ಜಾಗವೂ ಮುಖ್ಯ. ಹೆಲ್ಮೆಟ್ಟಿನೊಳಗೆ ಬಜರ್ ಸರಿಯಾಗಿ ಕೇಳಿಸದು. ಕನ್ನಡಿಯಲ್ಲೇ ಹೊತ್ತಿಕೊಳ್ಳುವ ದೀಪ ವಾಸಿ, ಏಕೆಂದರೆ ಅದು ಸವಾರನ ಕಣ್ಣನ್ನು ಕನ್ನಡಿಗೇ ಎಳೆಯುತ್ತದೆ. ಕನ್ನಡಿ ಬಿಚ್ಚಿಟ್ಟವನ ಕಥೆ ಬೇರೆ.

ಇನ್ನೊಂದು ಅಪಾಯ ಕೋರ್ಟಿನ ಕಟ್ಟೆಯಲ್ಲಿ ಕಾದಿದೆ. ಮುಂದಿನ ವಾಹನದಿಂದ ಅಂತರ ಕಾಯುವ ಹೊಣೆಯನ್ನು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಹಿಂದಿನವನ ಮೇಲೆ ಹೊರಿಸಿದೆ. ಆದರೆ ‘ಅವನ ಬೈಕಲ್ಲಿ ಅಲಾರಂ ಇತ್ತಲ್ಲ, ಸರಿಯಬೇಕಿತ್ತು’ ಎಂಬ ವಾದ ವಿಮೆ ಕಂಪನಿಯ ವಕೀಲರ ಬಾಯಿಗೆ ಬರಲು ತಡವಾಗದು. ಹಾಗೆಯೇ, ಗುದ್ದುವ ಬಸ್ಸು ಲಾರಿಗಳ ಮೂತಿಗೆ ತಾನಾಗಿ ಬ್ರೇಕ್ ಹಾಕುವ ಸೆನ್ಸರ್ ತರುವ ಕೆಲಸವನ್ನು ಬೈಕಿನ ಬಾಲದ ಸೆನ್ಸರ್ ಮರೆಸಕೂಡದು.

ಎಲ್‌ಇಡಿ ಹೆಡ್‌ಲೈಟುಗಳಲ್ಲಿ ನಾವು ಒಮ್ಮೆ ತಡಮಾಡಿ ಕಲಿತಿದ್ದೇವೆ. ಕಣ್ಣು ಕುಕ್ಕುವ ಬಲ್ಬುಗಳು ಅಂಗಡಿ ಅಂಗಡಿಗೂ ತಲುಪಿ, ಊರೂರಿನ ಬೈಕುಗಳಿಗೆ ಏರಿದ ಮೇಲೆ ಪೊಲೀಸರು ಹೆದ್ದಾರಿಯಲ್ಲಿ ನಿಂತು ಕೇಸು ಹಾಕುತ್ತಿದ್ದಾರೆ. ದಂಡ ಕಟ್ಟುವವನು ಸವಾರ, ಮಾರಿದವನು ನಿಶ್ಚಿಂತ. ಹಿಂಬದಿ ಸೆನ್ಸರಿನ ಮಾರುಕಟ್ಟೆ ಇನ್ನೂ ಕಣ್ಣು ಬಿಡುತ್ತಿದೆ. ಎಷ್ಟು ದೂರದಿಂದ ಗುರುತಿಸಬೇಕು, ಎಷ್ಟು ಸೆಕೆಂಡ್ ಮುಂಚೆ ಹೇಳಬೇಕು, ಮಳೆಯಲ್ಲಿ ಹೇಗೆ, ಹೊರೆ ಕಟ್ಟಿದಾಗ ಹೇಗೆ ಎಂಬ ಪರೀಕ್ಷೆಯನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗಳು ಈಗಲೇ ರೂಪಿಸಬೇಕು. ಪಾಸಾಗದ ಡಬ್ಬಿಯ ಮೇಲೆ ‘ರೇಡಾರ್’ ಎಂಬ ಪದ ಅಚ್ಚಾಗಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಗಿರಾಕಿ ‘ಇದು ಎಷ್ಟು ಮೀಟರ್ ನೋಡತ್ತೆ ಅಣ್ಣಾ?’ ಎಂದು ಕೇಳಿದರೆ, ಉತ್ತರ ಡಬ್ಬಿಯ ಮೇಲೇ ಕನ್ನಡದಲ್ಲಿ ಬರೆದಿರಬೇಕು.