ಗೋಡೆಗೆ ಬಂದ ಗುಮ್ಮಟ

ಹೊಸ ಮನೆ ಕಟ್ಟಿದವರಿಗೆ ಸುಣ್ಣಬಣ್ಣ ಮುಗಿದೊಡನೆ ಬರಿಯ ಗೋಡೆಯ ಚಿಂತೆ ಹತ್ತುವುದು ಸಹಜ. ಕ್ಯಾಲೆಂಡರಿನ ಹಿಮಾಲಯವೂ ತಾಜಮಹಲೂ ಯಾರ ಮನೆಯಲ್ಲಿಲ್ಲ? ಕಲಬುರಗಿಯ ಗೃಹಸ್ಥರೊಬ್ಬರು ತಮ್ಮ ದಿವಾನಖಾನೆಗೆ ಬೇರೊಂದನ್ನು ಆರಿಸಿದರು. ಅದು ಅವರ ಊರ ಕೋಟೆಯೊಳಗಿನ ಜಾಮಿ ಮಸೀದಿಯದೇ ಹಳೆಯ ಅಚ್ಚಿನ ಚಿತ್ರ. ಹೈದರಾಬಾದಿನಲ್ಲಿ ಹಳೆಯ ಪುಸ್ತಕ ಮಾರುವವನೊಬ್ಬನ ಬಳಿ ದೊರೆತ ಬಿಡಿ ಹಾಳೆ.

ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಈ ಮಸೀದಿಯ ಚಿತ್ರಗಳುಂಟು. ಗಟ್ಟಿ ಮರದ ಅಚ್ಚಿನಲ್ಲಿ ಕೊರೆದು, ಅಕ್ಷರದ ಮೊಳೆಗಳೊಡನೆಯೇ ಒತ್ತಿದವು ಅವು. ಆದುದರಿಂದ ಚಿತ್ರವಿದ್ದ ಹಾಳೆಯಲ್ಲಿ ಬರಹವೂ ಇರುತ್ತದೆ. ಗೃಹಸ್ಥರು ಹಾಳೆಯನ್ನು ಮಗುಚಿ ನೋಡಿದರು: ಬೆನ್ನಿನ ಕೊನೆಯ ವಾಕ್ಯ ಅರ್ಧಕ್ಕೇ ನಿಂತಿತ್ತು. ಮಿಕ್ಕರ್ಧ ಯಾರ ಗೋಡೆಯನ್ನು ಸೇರಿತೋ! ಒಂದು ಗ್ರಂಥವನ್ನು ಕತ್ತರಿಸಿ ಹಾಳೆಯ ಲೆಕ್ಕದಲ್ಲಿ ಮಾರಿದರೆ ಇಡಿಯ ಗ್ರಂಥಕ್ಕಿಂತ ಹೆಚ್ಚು ಹಣ ಬರುತ್ತದೆಂಬ ವ್ಯಾಪಾರದ ಗುಟ್ಟು ಅವರಿಗೆ ಆಗ ಹೊಳೆಯಿತು. ಕೊಂಡದ್ದಾಗಿತ್ತು. ಹಿಂದೆಯೂ ಮುಂದೆಯೂ ಗಾಜು ಕೂಡಿಸಿ ಚೌಕಟ್ಟು ಹಾಕಿಸಿದರು; ಮೊಳೆಯಿಂದ ಇಳಿಸಿದರೆ ಬೆನ್ನನ್ನೂ ಓದಬಹುದು.

ಗೃಹಪ್ರವೇಶಕ್ಕೆಂದು ಕಮಲಾಪುರದಿಂದ ಬಂದ ತಾಯಿಗೆ ಮಾತ್ರ ಆ ಚಿತ್ರ ಹಿಡಿಸಲಿಲ್ಲ. ಅದರ ಒಂದು ಪಕ್ಕದಲ್ಲಿ ಮಸೀದಿಯ ಹೊರನೋಟ. ಇನ್ನೊಂದು ಪಕ್ಕದಲ್ಲಿ ಕಟ್ಟಡವನ್ನು ಸೀಳಿ ತೋರಿಸಿದ ಒಳನೋಟ. "ಹೊಸ ಮನೆಯೊಳಗ ಒಡೆದ ಗುಡಿಯ ಚಿತ್ರ ಯಾಕಪ್ಪಾ?" ಎಂದರು. ದೇವರ ಮನೆ ಯಾರದಾದರೇನು, ಒಡೆದದ್ದು ಅಶುಭವೆಂಬುದು ಅವರ ನಂಬಿಕೆ. ಅದು ಒಡೆದುದಲ್ಲ, ಒಳಗನ್ನು ಕಾಣಿಸಲು ಹಾಗೆ ಬರೆದುದು ಎಂದು ಮಗ ಎಷ್ಟು ಹೇಳಿದರೂ ಒಪ್ಪಿಗೆಯಾಗದು. ಮರುದಿನ ಆಟೋರಿಕ್ಷಾ ಮಾಡಿ ಕೋಟೆಗೇ ಕರೆದೊಯ್ದರು.

ಬಹಮನೀ ಸುಲ್ತಾನ ಒಂದನೆಯ ಮುಹಮ್ಮದ್ ಶಹನ ಕಾಲದಲ್ಲಿ, 1367ರಲ್ಲಿ, ಈ ಮಸೀದಿಯನ್ನು ಕಟ್ಟಿದವನು ಪಾರಸೀಕ ದೇಶದ ಕಜ್ವೀನ್ ಮೂಲದ ರಫಿ. ಭಾರತದ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ತೆರೆದ ಅಂಗಳ ಇಲ್ಲಿಲ್ಲ. ಅಂಗಳವಿರಬೇಕಾದ ಎಡೆಯನ್ನೆಲ್ಲ 63 ಸಣ್ಣ ಗುಮ್ಮಟಗಳು ಮುಚ್ಚಿವೆ. ಮೂಲೆಗೊಂದರಂತೆ ನಾಲ್ಕು, ಪಶ್ಚಿಮಕ್ಕೆ ಎಲ್ಲಕ್ಕೂ ದೊಡ್ಡದೊಂದು. ಸ್ಪೇನಿನ ಕಾರ್ಡೊವಾ ಮಸೀದಿಯ ನಕಲೆಂದು ಹೇಳುವವರುಂಟು; ಹೊದಿಸಿದ ಛಾವಣಿ, ಕಮಾನುಗಳ ಸಾಲು ಎಂಬಷ್ಟನ್ನು ಬಿಟ್ಟರೆ ಆ ಮಾತಿನಲ್ಲಿ ಹುರುಳು ಸಾಲದು. ಹೊರಗೆ ಕಲಬುರಗಿಯ ಬಿಸಿಲು; ಒಳಗೆ ಬಿಳಿಯ ಕಮಾನುಗಳ ಕೆಳಗೆ ಬಾವಿಯ ಮೆಟ್ಟಿಲಿನಂಥ ತಂಪು. ಮುದುಕಿ ಕಂಬವೊಂದಕ್ಕೆ ಕೈಯಾನಿಸಿ ಬಹಳ ಹೊತ್ತು ನಿಂತರು. ಮರದ ಅಚ್ಚಿಗೆ ಸಿಕ್ಕದಿದ್ದುದು ಈ ತಂಪು. ಮನೆಗೆ ಬಂದ ಮೇಲೆ ಚಿತ್ರದ ಸೀಳಿದ ಪಕ್ಕದ ಮೇಲೆ ಬೆರಳಿಟ್ಟು, "ನಾವು ನಿಂತದ್ದು ಇಲ್ಲಿ" ಎಂದರು.

ಇಂಥ ಚಿತ್ರವನ್ನು ತೂಗಹಾಕುವವರು ಒಂದೆರಡು ಸಂಗತಿ ನೆನಪಿಡಬೇಕು. ಪಡುವಣ ಬಿಸಿಲು ಬೀಳುವ ಗೋಡೆ ಬೇಡ, ಕಾಗದ ಕಂದುತ್ತದೆ. ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಯೂ ಬೇಡ. ಗಾಜು ಕಾಗದಕ್ಕೆ ತಾಕದಂತೆ ನಡುವೆ ದಪ್ಪ ರಟ್ಟಿನ ಅಂಚು ಇರಲಿ. ಅಗ್ಗದ ರಟ್ಟಿನ ಹುಳಿ ಹಾಳೆಯನ್ನು ತಿನ್ನುತ್ತದೆ, ಹುಳಿಯಿಲ್ಲದ್ದನ್ನೇ ಕೇಳಿ ಕೊಳ್ಳಬೇಕು. ಇನ್ನು ಹೊಲಿಗೆ ಬಿಚ್ಚದ ಪುಸ್ತಕ ಕೈಗೆ ಸಿಕ್ಕಿದರೆ ಕತ್ತರಿ ಎತ್ತುವುದು ಪಾಪವೇ ಸರಿ. ಫರ್ಗುಸನ್ನನ ಗ್ರಂಥದ ಹಕ್ಕು ಎಂದೋ ತೀರಿದೆ. ಅದರ ಪ್ರತಿಬಿಂಬಗಳು ಇಂದು ಕಂಪ್ಯೂಟರಿನಲ್ಲಿ ಉಚಿತವಾಗಿ ದೊರೆಯುತ್ತವೆ. ಒಳ್ಳೆಯ ಕಾಗದದ ಮೇಲೆ ಅಚ್ಚು ಮಾಡಿಸಿಕೊಂಡರೆ ಗೋಡೆಗೆ ಅಷ್ಟೇ ಸಾಕು.

ಊರಿಗೆ ಹೊರಡುವ ಮುನ್ನ ತಾಯಿ ಎದುರಿನ ಬರಿಯ ಗೋಡೆಯನ್ನು ನೋಡಿದರು. ಕಮಲಾಪುರ ಸೀಮೆಯ ಹೊಳಕುಂದಾದಲ್ಲಿ ಬಹಮನೀ ಕಾಲದ ಗುಮ್ಮಟಗಳ ಗುಂಪೊಂದಿದೆ. ತಾಳಿ ಕಟ್ಟಿಸಿಕೊಂಡು ಬಂದಂದಿನಿಂದ ಅವರು ನೋಡುತ್ತ ಬಂದವು. "ಅವುಗಳ ಚಿತ್ರ ಯಾರೂ ಬರಿಲಿಲ್ಲೇನು?" ಮಗನಿಗೆ ಉತ್ತರ ತೋಚಲಿಲ್ಲ. ಮುಂದಿನ ಭಾನುವಾರ ಕ್ಯಾಮರಾ ಹಿಡಿದು ಕಮಲಾಪುರದ ಬಸ್ಸು ಹತ್ತಿದರು. ಎದುರಿನ ಗೋಡೆಗೆ ಮೊಳೆಯೊಂದನ್ನು ಆಗಲೇ ಹೊಡೆದಿಟ್ಟಿದ್ದರು.