ಸಿಗಡಿ ಕೊಳದ ಹೊಸ ಬ್ಯಾಕ್ಟೀರಿಯಾಕ್ಕೂ ರಾಂಪುರದ ಗೊಬ್ಬರದಂಗಡಿಗೂ ಏನು ಸಂಬಂಧ?

ರಾಂಪುರ: ಗೊಬ್ಬರದಂಗಡಿಗಳಲ್ಲಿ ಈಗ ಯೂರಿಯಾ, ಡಿಎಪಿ ಚೀಲದ ಪಕ್ಕದಲ್ಲೇ ‘ಜೈವಿಕ’ ಅನ್ನೋ ಪ್ಯಾಕೆಟ್‌ಗಳೂ ಸಿಗುತ್ತವೆ. ಶೇಂಗಾ ಬೀಜಕ್ಕೆ ಹಚ್ಚೋಕೆ ಒಂದು, ಮೀನು ಬಿಟ್ಟ ಹೊಂಡದ ನೀರಿಗೆ ಹಾಕೋಕೆ ಇನ್ನೊಂದು. ಒಳಗಿರೋ ಜೀವಿ ಯಾವುದು ಅಂತ ಕೊಳ್ಳೋರೂ ಕೇಳಲ್ಲ, ಮಾರೋರೂ ಹೇಳಲ್ಲ. ಆದರೆ ಒಂದು ಜೀವಿಗೆ ಹೆಸರು ಇಡೋದು ಎಷ್ಟು ಕಷ್ಟದ ಕೆಲಸ ಅನ್ನೋದು ತೈವಾನ್‌ನ ಕೊಳಗಳನ್ನು ನೋಡಿದರೆ ಗೊತ್ತಾಗುತ್ತದೆ.

ಅಲ್ಲಿ ಸಿಗಡಿ ಸಾಕುವ ಸಿಹಿನೀರಿನ ಕೊಳವೊಂದರಿಂದ 2004ರಲ್ಲಿ ‘ಕೈಟಿನಿಮೋನಸ್ ತೈವಾನೆನ್ಸಿಸ್’, 2007ರಲ್ಲಿ ಅಂಥದೇ ಕೊಳದಿಂದ ‘ಕೈಟಿನಿಲಿಟಿಕಮ್ ಅಕ್ವಾಟೈಲ್’ ಎಂಬ ಹೊಸ ಬ್ಯಾಕ್ಟೀರಿಯಾಗಳು ಬೆಳಕಿಗೆ ಬಂದವು. ಎರಡರ ಆಹಾರವೂ ಕೈಟಿನ್. ಸಿಗಡಿ, ಏಡಿಯ ಚಿಪ್ಪು, ಕೀಟಗಳ ಹೊರಕವಚ, ಮೊಳಕಾಲ್ಮೂರಿನವರಿಗೆ ಗೊತ್ತಿರೋ ರೇಷ್ಮೆ ಹುಳುವಿನ ಚರ್ಮ, ಎಲ್ಲದರಲ್ಲೂ ಇರೋ ಗಟ್ಟಿ ಪದಾರ್ಥ ಅದು. ಹಾವು ಪೊರೆ ಬಿಟ್ಟ ಹಾಗೆ ಸಿಗಡಿಯೂ ಬೆಳೆಯುತ್ತಾ ಚಿಪ್ಪು ಕಳಚುತ್ತದೆ. ಅದನ್ನು ತಿಂದು ಕರಗಿಸೋರು ಇಲ್ಲದಿದ್ದರೆ ಕೊಳದ ತಳದಲ್ಲಿ ಚಿಪ್ಪೇ ಗುಡ್ಡೆ ಬೀಳುತ್ತಿತ್ತು.

ಹುಡುಕೋ ವಿಧಾನ ಸರಳ. ಕೈಟಿನ್ ಬೆರೆಸಿದ ಅಗರ್ ತಟ್ಟೆ ಬೆಳ್ಳಗೆ ಮಬ್ಬಾಗಿರುತ್ತದೆ. ಅದರ ಮೇಲೆ ಕೊಳದ ನೀರು ಸವರಿ ಕೆಲವು ದಿನ ಬಿಟ್ಟರೆ, ಕೈಟಿನ್ ತಿನ್ನೋ ಬ್ಯಾಕ್ಟೀರಿಯಾದ ಸುತ್ತ ತಟ್ಟೆ ತಿಳಿಯಾಗುತ್ತದೆ. ಅದು ಹೊಸ ಪ್ರಭೇದ ಅಂತ ಸಾಬೀತು ಮಾಡೋದೇ ನಿಜವಾದ ತಲೆನೋವು. 16ಎಸ್ ಅನ್ನೋ ಜೀನು ಗೊತ್ತಿರೋ ಪ್ರಭೇದಗಳ ಜೊತೆ ಶೇ 98.7ಕ್ಕಿಂತ ಕಡಿಮೆ ಹೊಂದಿದರೆ ಹೊಸದಿರಬಹುದು ಅಂತ ಅನುಮಾನ ಬರುತ್ತದೆ, ಅಷ್ಟೇ. ಈಗ ಇಡೀ ಜೀನೋಮ್ ಹೋಲಿಸುತ್ತಾರೆ. ಅಲ್ಲಿ ಗಡಿ ಸುಮಾರು ಶೇ 95ರಿಂದ 96. ಕೊನೆಗೆ ಆ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಬೇಕು, ಯಾರು ಬೇಕಾದರೂ ತರಿಸಿ ಪರೀಕ್ಷೆ ಮಾಡೋ ಹಾಗೆ. ನಮ್ಮ ದೇಶದಲ್ಲಿ ಚಂಡೀಗಢದ ಎಂಟಿಸಿಸಿ ಅಂಥದ್ದೊಂದು ಸಂಗ್ರಹಾಲಯ.

ರಾಂಪುರದಲ್ಲಿ ಸಿಗಡಿ ಎಲ್ಲಿದೆ ಅನ್ನಬಹುದು. ಸಿಗಡಿ ಇಲ್ಲ, ಶೇಂಗಾ ಇದೆ. ಬುಡಕೊಳೆ ರೋಗ ಬಂದ ಗಿಡದ ಬುಡದಲ್ಲಿ ಬಿಳಿ ನೂಲು, ಸಾಸಿವೆಯಂಥ ಕಾಳು ಕಾಣೋದು ರೈತರಿಗೆ ಗೊತ್ತು. ಆ ಶಿಲೀಂಧ್ರದ ಗೋಡೆಯಲ್ಲೂ ಕೈಟಿನ್ ಇದೆ. ಬೀಜೋಪಚಾರಕ್ಕೆ ಬಳಸೋ ಟ್ರೈಕೋಡರ್ಮಾ ಆ ಗೋಡೆಯನ್ನು ಕರಗಿಸೋದು ಕೈಟಿನೇಸ್‌ನಂಥ ಕಿಣ್ವಗಳಿಂದಲೇ. ಹಾಗಂತ ಕೈಟಿನ್ ತಿನ್ನೋದೆಲ್ಲ ರೈತನ ಸ್ನೇಹಿತ ಅಂದುಕೊಂಡರೆ ಕೆಟ್ಟಂತೆ. ಸಿಗಡಿ, ಏಡಿಯ ಚಿಪ್ಪಿನ ಮೇಲೆ ಕಪ್ಪು ಕಲೆ ಬಿದ್ದು ಕೊರೆಯೋ ರೋಗಕ್ಕೆ ಇಂಥ ಬ್ಯಾಕ್ಟೀರಿಯಾಗಳೇ ಕಾರಣ. ಕಾಲರಾ ತರೋ ವಿಬ್ರಿಯೋ ಕೂಡ ಕೈಟಿನ್ ತಿಂದು ಬದುಕಬಲ್ಲದು. ತಟ್ಟೆ ತಿಳಿಯಾದ ಮಾತ್ರಕ್ಕೆ ಅದು ಔಷಧ ಆಗಲ್ಲ. ಹೆಸರು, ತಳಿ ಎರಡೂ ಗೊತ್ತಿರಬೇಕು ಅನ್ನೋದು ಇದಕ್ಕೇ.

ಕಾನೂನು ಇಲ್ಲಿ ಅರ್ಧ ಮಾತ್ರ ನೆರವಿಗೆ ಬರುತ್ತದೆ. ರೋಗ ತಡೆಯುತ್ತದೆ ಅಂತ ಮಾರೋ ಟ್ರೈಕೋಡರ್ಮಾದಂಥ ಪುಡಿಗೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕೇ ಬೇಕು. ಹೊಂಡದ ನೀರಿಗೆ ಹಾಕೋ ಪ್ಯಾಕೆಟ್ ಕಥೆ ಬೇರೆ. ಕರಾವಳಿಯ ಸಿಗಡಿ ಸಾಕಣೆಗೆ 2005ರ ಕಾಯ್ದೆಯಡಿ ಪ್ರಾಧಿಕಾರ ಇದೆ, ಬಯಲುಸೀಮೆಯ ಕೃಷಿ ಹೊಂಡ ಅದರ ವ್ಯಾಪ್ತಿಗೆ ಬರಲ್ಲ. ಕಾಟ್ಲಾ, ರೋಹು ಬಿಟ್ಟ ರೈತ ಪ್ಯಾಕೆಟ್ ಮೇಲಿನ ಬರಹವನ್ನೇ ನಂಬಬೇಕು. ಅಲ್ಲಿ ಬರೀ ‘ಉಪಯುಕ್ತ ಬ್ಯಾಕ್ಟೀರಿಯಾ’ ಅಂತ ಬರೆದಿದ್ದರೆ ಏನೂ ಹೇಳಿದಂತಾಗಲಿಲ್ಲ.

ಅಂಗಡಿಯವರೂ ಗಮನಿಸಬೇಕಾದ ಸಂಗತಿ ಒಂದಿದೆ. ನೋಂದಣಿ ಇಲ್ಲದ ರೋಗನಾಶಕ ತಯಾರಿಸೋದು ಮಾತ್ರವಲ್ಲ, ಮಾರೋದೂ ಅಪರಾಧ. ಕಂಪನಿ ಎಲ್ಲೋ ದೂರದಲ್ಲಿರುತ್ತದೆ, ತಪಾಸಣೆಗೆ ಅಧಿಕಾರಿ ಬರೋದು ಇಲ್ಲಿನ ಅಂಗಡಿಗೆ. ಸ್ಟಾಕ್ ಇಳಿಸಿಕೊಳ್ಳೋ ಮೊದಲೇ ನೋಂದಣಿ ಸಂಖ್ಯೆ ನೋಡಿ, ಬಿಲ್ ಕೇಳಿ ಇಟ್ಟುಕೊಳ್ಳೋದು ಒಳ್ಳೆಯದು.