ಹಳೆಯ ಕಾರಿನ ಗೀರು

ಪದವಿ ತರಗತಿಯ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯಹೊರಟರೆ ಸಾಹಿತ್ಯವೋ ದೇಶಸೇವೆಯೋ ವಿಜ್ಞಾನದ ಮುನ್ನಡೆಯೋ ಅವನ ವಿಷಯವಾಗಬೇಕೆಂಬುದು ವಾಡಿಕೆ. ಸೆಕೆಂಡ್ ಹ್ಯಾಂಡ್ ಕಾರಿನ ಒಳಮೈಯಲ್ಲಿ ಬಿದ್ದ ಗೀರನ್ನು ಅಳಿಸುವುದು ಸರಿಯೋ ತಪ್ಪೋ ಎಂಬ ನನ್ನ ವಿಷಯವನ್ನು ಕೇಳಿ ಸಂಪಾದಕ ಸಮಿತಿಯ ಮಿತ್ರರೊಬ್ಬರು, "ಇದೇನಯ್ಯಾ, ಗ್ಯಾರೇಜಿನ ಗೋಡೆಗೆ ಬರೆಯುವುದನ್ನು ಇಲ್ಲಿಗೆ ತಂದಿದ್ದೀಯೆ!" ಎಂದು ನಕ್ಕರು. ನಗಲಿ. ಎರಡು ಬೇಸಗೆ ರಜೆಗಳಲ್ಲಿ ಹಗಲೆಲ್ಲ, ಈಗ ತರಗತಿಗಳು ಮುಗಿದ ಮೇಲೆ ಸಂಜೆಯ ಹೊತ್ತು, ನಮ್ಮ ಊರಿನ ಕಾರ್ ಡೆಕೋರ್ ಅಂಗಡಿಯೊಂದರಲ್ಲಿ ದುಡಿದು ಪರೀಕ್ಷೆಯ ಶುಲ್ಕವನ್ನು ಹೊಂದಿಸಿಕೊಳ್ಳುತ್ತಿರುವ ನನಗೆ ಈ ಪ್ರಶ್ನೆ ಸಣ್ಣದಾಗಿ ಕಾಣುವುದಿಲ್ಲ. ಅದಕ್ಕೆ ಕಾರಣವಾದ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಮೊದಲು ಗೀರೆಂದರೇನೆಂಬುದನ್ನು ನೋಡೋಣ. ಈಗಿನ ಸಾಧಾರಣ ಕಾರುಗಳ ಡೋರ್ ಪ್ಯಾಡು, ಡಿಕ್ಕಿಯ ಅಂಚು, ಬಾಗಿಲ ಕೆಳಗಿನ ಪಟ್ಟಿ, ಇವೆಲ್ಲ ಹೆಚ್ಚಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಇವುಗಳ ಬಣ್ಣ ಸಾಮಾನ್ಯವಾಗಿ ಮೇಲೆ ಬಳಿದದ್ದಲ್ಲ. ಅಚ್ಚಿಗೆ ಹೋಗುವ ಮೊದಲೇ ಒಳಗೆ ಬೆರೆಸಿದ್ದು. ಹಾಗಿದ್ದಮೇಲೆ ಕಪ್ಪು ಪ್ಯಾಡಿಗೆ ಬೀಗದ ಕೈ ತಗುಲಿದರೆ ಬಿಳಿಯ ಗೆರೆ ಏಳುವುದೇಕೆ? ಚಿಕ್ಕಂದಿನಲ್ಲಿ ಸ್ಲೇಟಿನ ಮೇಲೆ ಮೊಳೆಯಿಂದ ಗೀಚಿದವರಿಗೆ ಇದರ ಉತ್ತರ ಗೊತ್ತಿದೆ. ಬಣ್ಣ ಎಲ್ಲಿಯೂ ಹೋಗಿಲ್ಲ. ಮೇಲ್ಮೈ ಉತ್ತ ಹೊಲದಂತೆ ಎದ್ದು ಒರಟಾಗಿದೆ; ಅಲ್ಲಿ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದರಿ ಕಣ್ಣಿಗೆ ಬಿಳಿಯಾಗಿ ತೋರುತ್ತದೆ, ಅಷ್ಟೆ.

ಆದಕಾರಣ ಬಣ್ಣ ಬಳಿಯುವುದು ಈ ರೋಗಕ್ಕೆ ಮದ್ದಲ್ಲ. ಪಾಲಿಪ್ರೊಪಿಲೀನಿನ ಮೈಗೆ ಬಣ್ಣ ಸುಲಭವಾಗಿ ಅಂಟುವುದೂ ಇಲ್ಲ. ಅದಕ್ಕೆಂದೇ ಇರುವ ಪ್ರೈಮರನ್ನು ಮೊದಲು ಹಚ್ಚದಿದ್ದರೆ ಕೆಲವು ತಿಂಗಳಲ್ಲಿ ಹಕ್ಕಳೆಯಂತೆ ಕಿತ್ತು ಬರುತ್ತದೆ. ಟ್ಯಾಕ್ಸಿಯವರು ಕೊಬ್ಬರಿ ಎಣ್ಣೆ ಸವರುತ್ತಾರೆ. ಎಣ್ಣೆ ಗೀರಿನ ಸಂದಿಗಳನ್ನು ತುಂಬಿ ಎರಡು ದಿನ ಕಪ್ಪಾಗಿ ಕಾಣಿಸುತ್ತದೆ. ಮೂರನೆಯ ದಿನ ನಮ್ಮ ರಸ್ತೆಯ ಧೂಳೆಲ್ಲ ಅಲ್ಲಿಯೇ ಮನೆ ಮಾಡಿರುತ್ತದೆ. ಅಂಗಡಿಯಲ್ಲಿ ಮಾರುವ ಸಿಲಿಕೋನ್ ಹೊಳಪುಗಳ ಗತಿಯೂ ಬಹುಮಟ್ಟಿಗೆ ಇದೇ. ಜೊತೆಗೆ ಅವನ್ನು ಡ್ಯಾಶ್‌ಬೋರ್ಡಿನ ನೆತ್ತಿಗೆ ಬಳಿದರೆ ಮಧ್ಯಾಹ್ನದ ಬಿಸಿಲು ಮುಂಗಾಜಿನಲ್ಲಿ ಪ್ರತಿಫಲಿಸಿ ಓಡಿಸುವವನ ಕಣ್ಣು ಕುಕ್ಕುತ್ತದೆ.

ಇದಕ್ಕೆ ಸರಿಯಾದ ಉಪಾಯ ಬಿಸಿ. ಗೀರಿದ ಜಾಗವನ್ನು ಸೋಪಿನ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಹೀಟ್ ಗನ್ನನ್ನು ಗೇಣಿನಷ್ಟು ದೂರದಲ್ಲಿ ಹಿಡಿದು, ಒಂದೆಡೆ ನಿಲ್ಲಿಸದೆ ಹಿಂದಕ್ಕೂ ಮುಂದಕ್ಕೂ ಆಡಿಸಬೇಕು. ಕೆಲವೇ ಕ್ಷಣಗಳಲ್ಲಿ ಎದ್ದ ಅಂಚುಗಳು ಮೆತ್ತಗಾಗಿ ಒರಗುತ್ತವೆ. ಬಿಳಿಯ ಗೆರೆ ಕಣ್ಣೆದುರಿಗೇ ಕಪ್ಪಾಗುತ್ತದೆ. ಚನ್ನಪಟ್ಟಣದ ಬೊಂಬೆಯವರು ತಿರುಗುವ ಮರಕ್ಕೆ ಅರಗನ್ನು ಒತ್ತಿದಾಗ ತಿಕ್ಕಾಟದ ಕಾವಿಗೆ ಅದು ಕರಗಿ ಹರಡುವುದನ್ನು ನೋಡಿದಾಗ ಆಗುವ ಸಂತೋಷವೇ ಇಲ್ಲಿಯೂ ಆಗುತ್ತದೆ. ಆದರೆ ಈ ಪ್ಲಾಸ್ಟಿಕ್ಕು ಸುಮಾರು 160 ಡಿಗ್ರಿಯಲ್ಲಿ ಕರಗಿಹೋಗುವಂಥದು. ಹೀಟ್ ಗನ್ನಿನ ಗಾಳಿ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ. ಒಂದು ಕ್ಷಣ ಮೈಮರೆತರೆ ಪ್ಯಾಡಿನ ಮೇಲಿನ ತೊಗಲಿನಂಥ ನವಿರು ಕರಗಿ, ನುಣ್ಣನೆಯ ಹೊಳೆಯುವ ಕಲೆ ಶಾಶ್ವತವಾಗಿ ನಿಲ್ಲುತ್ತದೆ. ನಾನು ಮಾಡಿದ ಮೊದಲನೆಯ ಕೆಲಸದಲ್ಲಿ ಅಂಥ ಕಲೆ ರೂಪಾಯಿ ಬಿಲ್ಲೆಯಷ್ಟು ಅಗಲವಾಗಿತ್ತು. ಆ ವಾರದ ಕೂಲಿ ಅದಕ್ಕೇ ಹೋಯಿತು. ಆಳವಾಗಿ ಕಿತ್ತುಹೋದ ಗೀರಿಗೆ ಬಿಸಿಯೂ ಸಾಲದು. ಹೋದ ವಸ್ತುವನ್ನು ಬಿಸಿ ಮರಳಿ ತಂದುಕೊಡಲಾರದು. ಏರ್‌ಬ್ಯಾಗಿನ ಮುಚ್ಚಳಕ್ಕಂತೂ ಬಿಸಿಯನ್ನಾಗಲಿ ಮೆತ್ತುವ ಪುಟ್ಟಿಯನ್ನಾಗಲಿ ತಾಗಿಸಲೇಬಾರದು. ಆಪತ್ತಿನಲ್ಲಿ ಹರಿದು ತೆರೆದುಕೊಳ್ಳಲೆಂದೇ ಮಾಡಿದ ಹೊಲಿಗೆ ಅದು.

ಈಗ ಪ್ರಶ್ನೆಗೆ ಬರುತ್ತೇನೆ. ನಮ್ಮ ಹಾಸ್ಟೆಲಿನ ಗೆಳೆಯನೊಬ್ಬನ ವಾದದಲ್ಲಿ, ಮಾರುವ ಮುಂಚೆ ಕಾರಿನ ಗೀರನ್ನು ಅಳಿಸುವುದೇ ಮೋಸ. ಈ ಕಟ್ಟುನಿಟ್ಟು ನನಗೆ ಒಪ್ಪಿಗೆಯಿಲ್ಲ. ಬಾಡಿಗೆಗೆ ಕೊಡುವ ಮುಂಚೆ ಮನೆಗೆ ಸುಣ್ಣ ಬಳಿಯುವುದು ಮೋಸವೇ? ದನದ ಜಾತ್ರೆಗೆ ಹೊಡೆದುಕೊಂಡು ಹೋಗುವ ಮುಂಚೆ ರೈತ ಎತ್ತಿನ ಮೈ ತೊಳೆದು, ಕೊಂಬು ಹೆರೆದು ಬಣ್ಣ ಹಚ್ಚುತ್ತಾನೆ. ಕೊಳ್ಳುವವನು ಕೊಂಬನ್ನು ನೋಡಿ ಸಂತೋಷಪಟ್ಟರೂ ಬಾಯಿ ಬಿಡಿಸಿ ಹಲ್ಲನ್ನು ಎಣಿಸದೆ ಟವಲಿನ ಕೆಳಗೆ ಕೈ ಕೊಡುವುದಿಲ್ಲ. ಕೊಂಬಿಗೆ ಬಣ್ಣ ಹಚ್ಚುವುದು ಮರ್ಯಾದೆ. ಹಲ್ಲನ್ನು ಅರದಿಂದ ಉಜ್ಜಿ ವಯಸ್ಸು ಮರೆಸಿದರೆ ಅದು ಬೇರೆಯ ಮಾತು. ಇನ್ನು ತಮ್ಮ ಕಾರನ್ನು ತಾವೇ ಬಳಸಿಕೊಳ್ಳುವವರು ಮಾಡಿಸುವ ರಿಪೇರಿಯಂತೂ ಶುದ್ಧ ಮಿತವ್ಯಯ. ಮಾರುತಿ 800ರ ತಯಾರಿಕೆ 2014ರಲ್ಲಿಯೇ ನಿಂತಿತು. ಅದನ್ನು ಇಂದಿಗೂ ಅಕ್ಕರೆಯಿಂದ ಇಟ್ಟುಕೊಂಡವರು ಹೊಸ ಡೋರ್ ಪ್ಯಾಡಿಗಾಗಿ ಅಲೆಯುವುದಕ್ಕಿಂತ ಇರುವುದನ್ನೇ ನೇರ್ಪು ಮಾಡಿಸಿಕೊಳ್ಳುವುದು ಮೇಲಲ್ಲವೇ?

ಹಾಗಾದರೆ ಕಾರಿನಲ್ಲಿ ಕೊಂಬು ಯಾವುದು, ಹಲ್ಲು ಯಾವುದು? ಇದನ್ನು ತಿಳಿಯಲು ನನಗೆ ದಂಡ ತೆರಬೇಕಾಯಿತು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ಮಳೆಯ ನೀರು ನುಗ್ಗಿ ಎಷ್ಟೋ ಕಾರುಗಳು ಮುಳುಗಿದ್ದನ್ನು ವಾಚಕರು ಮರೆತಿರಲಾರರು. ಹೋದ ಬೇಸಗೆಯಲ್ಲಿ ಬ್ರೋಕರೊಬ್ಬರು ನಮ್ಮ ಅಂಗಡಿಗೆ ತಂದ ಕಾರು ಆ ನೀರನ್ನು ಕಂಡಿತ್ತೋ ಬೇರೆ ನೀರನ್ನು ಕಂಡಿತ್ತೋ ನಾನರಿಯೆ. ಅದರ ಗೀರುಗಳು ಮಾತ್ರ ವಿಚಿತ್ರವಾಗಿದ್ದುವು. ಹತ್ತಿ ಇಳಿಯುವವರ ಬೂಟು ತಾಗಿ ಬೀಳುವ ಗೀರು ಬಾಗಿಲ ಪಟ್ಟಿಯ ನಡುವೆ ಉದ್ದಕ್ಕೆ ಇರುತ್ತದೆ. ಇಲ್ಲಿ ಪ್ರತಿಯೊಂದು ಕ್ಲಿಪ್ಪಿನ ಬಳಿಯಲ್ಲಿಯೂ ಸ್ಕ್ರೂಡ್ರೈವರಿನಿಂದ ಮೀಟಿದ ಚಿಕ್ಕ ಚಿಕ್ಕ ಕಚ್ಚುಗಳಿದ್ದುವು. ಯಾರೋ ಅವಸರದಲ್ಲಿ ಇಡೀ ಒಳಮೈಯನ್ನು ಬಿಚ್ಚಿ ಮತ್ತೆ ಕೂರಿಸಿದ್ದರು. ಕೆಲಸಕ್ಕೆಂದು ಪಟ್ಟಿಯನ್ನು ಎತ್ತಿದಾಗ ಕೆಳಗೆ ನಯವಾದ ಒಣ ಮೆಕ್ಕಲು ಮಣ್ಣು ಗೋಪಿಚಂದನದಂತೆ ಹತ್ತಿಕೊಂಡಿತ್ತು.

"ಸಾರ್, ಇದು ನೀರು ಕುಡಿದ ಗಾಡಿ," ಎಂದೆ.

"ನಮ್ಮ ಕೆಲಸ ಗೀರು ತೆಗೆಯೋದು ಕಣೋ, ಜಾತಕ ಬರೆಯೋದಲ್ಲ," ಎಂದರು ಯಜಮಾನರು. ಅವರು ಕೆಟ್ಟವರಲ್ಲ. ನನ್ನ ಶುಲ್ಕದ ಕೊನೆಯ ದಿನವನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡವರು.

ನಾನು ಮಾಡಿದೆ. ಚೆನ್ನಾಗಿಯೇ ಮಾಡಿದೆ. ಒಂದು ಕಚ್ಚೂ ಕಾಣದಂತೆ ಮೂರು ಗಂಟೆ ಕೂತು ಮಾಡಿ ನಾನೂರು ರೂಪಾಯಿ ಎಣಿಸಿಕೊಂಡೆ. ಮಳೆಗಾಲದಲ್ಲಿ ಒಂದು ಸಂಜೆ ಅದೇ ಕಾರು ಬಸ್ ನಿಲ್ದಾಣದ ಬಳಿ ಬಾನೆಟ್ಟು ತೆರೆದು ನಿಂತಿತ್ತು. ಪಕ್ಕದಲ್ಲಿ ನಿಂತವರು ನಮ್ಮ ಬೀದಿಯ ಟೈಲರ್ ಅಣ್ಣ. ಚೀಟಿಯ ಹಣ ಎತ್ತಿ ಕೊಂಡರಂತೆ. ವೈರುಗಳ ಕನೆಕ್ಟರೆಲ್ಲ ಒಳಗೇ ಹಸಿರುಗಟ್ಟಿವೆಯೆಂದೂ, ಎರಡು ತಿಂಗಳಲ್ಲಿ ಮೂರು ಸಲ ಎಲೆಕ್ಟ್ರೀಷಿಯನ್ ಬಳಿ ಹೋಗಿದೆಯೆಂದೂ ಹೇಳಿ, ಬಾಗಿಲನ್ನು ತೆರೆದು ತೋರಿಸಿದರು: "ಒಳಗೆ ನೋಡು ಮರಿ, ಎಷ್ಟು ನೀಟಾಗಿದೆ! ಒಂದು ಗೀರಿಲ್ಲ. ಇದನ್ನ ನೋಡೇ ನಾನು ಮನಸ್ಸು ಮಾಡಿದ್ದು."

ನಾನು ಏನೂ ಹೇಳದೆ ಸೈಕಲ್ಲು ಹತ್ತಿದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಲೇಖನವೊಂದರ ಪಾಠ ನಮಗೆ ಈ ವರ್ಷ ಆಯಿತು. ಹಳೆಯ ಕಾರಿನ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲೊಲ್ಲ. ಕೊನೆಗೆ ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಇಂಥ ವಿಚಾರಗಳಿಗಾಗಿ ಅವರಿಗೆ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂತು. ಆ ದೇಶದವರು ಕೆಟ್ಟ ಕಾರನ್ನು ನಿಂಬೆಹಣ್ಣು ಎನ್ನುವರಂತೆ. ನಾವು ಹೊಸ ಕಾರಿನ ಚಕ್ರದಡಿಗೆ ಇಡುವುದೂ ಅದನ್ನೇ! ಪಾಠ ಕೇಳುತ್ತ ತರಗತಿಯಲ್ಲಿ ಎಲ್ಲರೂ ನಕ್ಕರು. ನಾನು ಡೋರ್ ಪ್ಯಾಡನ್ನು ನೆನೆಯುತ್ತಿದ್ದೆ. ಅಕರ್ಲಾಫರ ಲೆಕ್ಕದಲ್ಲಿ ಮಾರುವವನೂ ಕೊಳ್ಳುವವನೂ ಇಬ್ಬರೇ. ಹೀಟ್ ಗನ್ ಹಿಡಿದ ಮೂರನೆಯವನು ಅಲ್ಲಿಲ್ಲ.

ಕಾನೂನು ಏನೆನ್ನುತ್ತದೆ? 1872ರ ಕರಾರು ಅಧಿನಿಯಮದ 17ನೆಯ ಪ್ರಕರಣದಲ್ಲಿ ಕುದುರೆಯ ಉದಾಹರಣೆಯಿದೆ. ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಸುಮ್ಮನಿದ್ದರೆ, ಅಷ್ಟರಿಂದಲೇ ಅದು ವಂಚನೆಯಾಗದು. ಆದರೆ ಕೊಳ್ಳುವವಳು ಆಗತಾನೇ ಪ್ರಾಪ್ತವಯಸ್ಕಳಾದ ಅವನ ಸ್ವಂತ ಮಗಳಾಗಿದ್ದರೆ ಹೇಳಲೇಬೇಕು. ತಿಳಿದೂ ತಿಳಿದೂ ಒಂದು ಸಂಗತಿಯನ್ನು ಕೈಯಾರೆ ಮರೆಮಾಡುವುದನ್ನಂತೂ ಅದೇ ಪ್ರಕರಣ ವಂಚನೆಯ ಸಾಲಿನಲ್ಲಿಯೇ ಇಟ್ಟಿದೆ. ಸುಮ್ಮನಿರುವುದು ಬೇರೆ, ಮರೆಮಾಡುವುದು ಬೇರೆ. ಬೂಟಿನ ಗೀರನ್ನು ಅಳಿಸಿದಾಗ ನಾನು ಕೊಂಬಿಗೆ ಬಣ್ಣ ಹಚ್ಚಿದೆ. ಕ್ಲಿಪ್ಪಿನ ಬಳಿಯ ಕಚ್ಚನ್ನು ಅಳಿಸಿದಾಗ ಹಲ್ಲು ಉಜ್ಜಿದೆ. ಸವೆದ ಪೆಡಲಿಗೆ ಹೊಸ ರಬ್ಬರು, ನುಣುಪಾದ ಸ್ಟಿಯರಿಂಗಿಗೆ ಹೊಸ ತೊಗಲು ಹಾಕಿಸಿ ಓಡಿದ ಮೈಲಿಯನ್ನು ಮರೆಸುವುದೂ ಇದೇ ಜಾತಿ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು: ರಿಪೇರಿಯನ್ನು ಬಿಡಬೇಕಾಗಿಲ್ಲ, ಅದನ್ನು ಬರೆದಿಡಬೇಕು. ಎಲ್ಲಿ, ಯಾವ ಬಗೆಯ ಗೀರು, ಪಟ್ಟಿ ಎತ್ತಿದಾಗ ಕೆಳಗೆ ಏನು ಕಂಡಿತು ಎಂಬುದು ಬಿಲ್ಲಿನಲ್ಲಿಯೇ ಬರಬೇಕು, ಬಿಲ್ಲು ಆರ್.ಸಿ.ಯೊಡನೆ ಕೊಂಡವನ ಕೈಗೆ ಹೋಗಬೇಕು. ಯಜಮಾನರ ಮುಂದೆ ಇದನ್ನು ಹೇಳಿದಾಗ, "ನೀನು ಬರೆದರೆ ಬ್ರೋಕರು ಪಕ್ಕದ ಅಂಗಡಿಗೆ ಹೋಗ್ತಾನೆ," ಎಂದರು. ಹೋಗುವುದೂ ನಿಜ, ಒಬ್ಬರು ಹೋದರು. ಆದರೂ ಈಗ ನಾನು ಮಾಡಿದ ಕೆಲಸದ ಬಿಲ್ಲನ್ನು ನಾನೇ ಬರೆಯಲು ಅವರು ಬಿಟ್ಟಿದ್ದಾರೆ, ಗೊಣಗುತ್ತಲೇ.

ಈ ಲೇಖನವನ್ನು ಸಂಪಾದಕ ಸಮಿತಿಗೆ ಒಪ್ಪಿಸುವ ಮೊದಲು ಟೈಲರ್ ಅಣ್ಣನ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಕೋಟಿನ ಕೈಯೊಂದನ್ನು ಹೊಲಿಯುತ್ತಿದ್ದರು. ಮಿಷನ್ನಿನ ಚಕ್ರ ಸ್ವಲ್ಪ ಹೊತ್ತು ನಿಂತಿತು.

"ಅವತ್ತು ಬಸ್ ಸ್ಟ್ಯಾಂಡಲ್ಲೇ ಹೇಳಬಹುದಿತ್ತಲ್ಲ ಮರಿ," ಎಂದರು. ಆಮೇಲೆ ಮತ್ತೆ ತುಳಿಯತೊಡಗಿದರು.